ಹರಕೆ ಅಂದದ್ದು

ಟೀ ಶರ್ಟಿನ ಬೆನ್ನ ಮೇಲೆ ಏನು ಬರೆದಿದೆಯೆಂದು ಪುಟ್ಟಲಕ್ಷ್ಮಿಗೆ ಗೊತ್ತಿರಲಿಲ್ಲ. ಎದೆಯ ಮೇಲಿನದು ಗೊತ್ತಿತ್ತು. ನೀಲಿ ಬಳೆಯಂಥ ಒಂದು ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ಡಯಾಬಿಟಿಸ್ ಎಂಬ ಪದ. ಆಸ್ಪತ್ರೆ ಚೀಟಿಗಳಲ್ಲಿ ನೋಡಿ ನೋಡಿ ಆ ಒಂದು ಪದವನ್ನು ಅವಳು ಅಕ್ಷರ ಕೂಡಿಸದೆ ಓದುತ್ತಿದ್ದಳು. ಬೆನ್ನಿನದೂ ಇಂಗ್ಲಿಷೇ, ಉದ್ದಕ್ಕಿತ್ತು; ಅದನ್ನು ಮಾತ್ರ ಹಿಂದೆ ನಿಂತವರೆಲ್ಲ ಓದಿ ಸುಮ್ಮನಾಗುತ್ತಿದ್ದರು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ ನೋಡುತ್ತಿದ್ದರೆ ತಿಳಿಯುವ ಹಾಗೆ ಆ ಸುಮ್ಮನಾಗುವುದು ಅವಳ ಬೆನ್ನಿಗೆ ತಿಳಿಯುತ್ತಿತ್ತು. ಕೇಳಬಹುದಿತ್ತು, ಏನು ಬರೆದಿದೆ ಅಂತ. ಕೇಳಿದರೆ ಓದಲು ಬರುವುದಿಲ್ಲ ಎಂದು ತಾನೇ ಹೇಳಿದ ಹಾಗಾಗುತ್ತದೆ. ವಿಜಯನಗರದ ಆ ಮೈದಾನದಲ್ಲಿ ನೂರಾರು ಜನ ಅವಳ ಹಾಗೆಯೇ ನೀಲಿ ಬಳೆ ಹೊತ್ತು ನಿಂತಿದ್ದರು, ಬೆಳಕು ಹರಿಯುವ ಮೊದಲೇ ಹೊರಡುತ್ತೇವೆ ಎಂದು ಬಂದವರು, ಬಾವುಟ ತೋರಿಸಬೇಕಾದ ಅತಿಥಿ ಬಾರದೆ ಇನ್ನೂ ನಿಂತೇ ಇದ್ದರು. ಶಿವರಾತ್ರಿ ಕಳೆದು, ಚಳಿ ಶಿವ ಶಿವಾ ಅಂತ ಹೊರಟುಹೋಗಿ ಒಂದು ವಾರವಾಗಿತ್ತು. ಎದುರು ಸಾಲಿನ ಮನೆಗಳ ನೀರಿನ ಟ್ಯಾಂಕುಗಳ ಮೇಲಿದ್ದ ಬಿಸಿಲು ಗೋಡೆ ಇಳಿದು, ಕಾಂಪೌಂಡು ದಾಟಿ, ಈಗ ಜನರ ಭುಜದ ಮೇಲೆ ಕೂತಿತ್ತು. ಕಾಲಿನ ಶೂ ಕೆಲಸದ ಮನೆಯ ರಮ್ಯಶ್ರೀಯದು, ಹಳೆಯದು, ಮುಂದುಗಡೆ ಸ್ವಲ್ಪ ಬಿಗಿ. ಅದರೊಳಗೆ ಬೆರಳು ಆಡಿಸುತ್ತಾ ಅವಳು ಯಾರ ಕಣ್ಣಿಗೂ ಕಣ್ಣು ಸಿಗದಂತೆ ಎಲ್ಲರನ್ನೂ ನೋಡುತ್ತಿದ್ದಳು.

ಬಸವರಾಜೇಶ್ವರಿ ಮೇಡಂ ಮನೆಗೆ, ಬಸವೇಶ್ವರನಗರಕ್ಕೆ, ಅವಳು ಅಡಿಗೆಗೆ ಸಹಾಯ ಮಾಡಲು ಹೋಗುತ್ತಿದ್ದಳು. ಮೇಡಂ ಮಗಳು ರಮ್ಯಶ್ರೀಗೆ ಚಿಕ್ಕಂದಿನಿಂದಲೇ ಶುಗರ್. ಮಾತಾಡುತ್ತಾ ಮಾತಾಡುತ್ತಾ, ಕಿವಿಗೆ ಓಲೆ ಹಾಕಿಕೊಳ್ಳುವಷ್ಟು ಸಲೀಸಾಗಿ, ಊಟಕ್ಕೆ ಮುಂಚೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ ಹುಡುಗಿ. ಈ ಕಾಯಿಲೆಗೆ ಇವತ್ತು ಔಷಧಿ ಅನ್ನೋದು ಇಲ್ಲ ಪುಟ್ಟಿ, ತಡೆದು ನಿಲ್ಲಿಸೋದು ಅಷ್ಟೇ. ಕಂಡುಹಿಡಿಯೋರು ಎಲ್ಲೋ ಲ್ಯಾಬ್‌ನಲ್ಲಿ ಕೂತಿದಾರೆ, ಅವರಿಗೆ ದುಡ್ಡು ಬೇಕು, ಅದಕ್ಕೆ ನಾವು ಕೆಂಗೇರಿವರೆಗೂ ನಡೀತೀವಿ, ನಾವು ನಡೆದಷ್ಟಕ್ಕೂ ಗೊತ್ತಿರೋರು ಕೊಡ್ತಾರೆ ಎಂದು ತರಕಾರಿ ಹೆಚ್ಚುವ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಅವಳೇ ಹೇಳಿದ್ದು. ಹೇಳುವಾಗ ಸಂಶೋಧನೆ ಎಂಬ ಪದ ಬಂದಿತ್ತು. ಎಂಟನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಆ ಪದವಿತ್ತು. ಎದ್ದು ನಿಂತು ಗಟ್ಟಿಯಾಗಿ ಓದು ಎಂದಾಗ ಅದರ ಬಳಿ ಬಂದು ಪುಟ್ಟಲಕ್ಷ್ಮಿಯ ಬಾಯಿ ಶಂ ಎಂದಲ್ಲಿಗೇ ನಿಂತುಹೋಗಿತ್ತು. ಹಿಂದಿನ ಬೆಂಚಿನವರು ಶಂ, ಶಂ, ಶಂಕ್ರ ಎಂದು ಕೂಗಿದ್ದರು. ಮೇಷ್ಟ್ರೂ ನಕ್ಕಿದ್ದರು. ಆ ವರ್ಷವೇ ಅಮ್ಮನ ಕಾಲಿನ ಕಿರುಬೆರಳ ಗಾಯ ಮಾಗದೆ, ಆ ಬೆರಳನ್ನೇ ತೆಗೆದು, ಗುಡಿ ಮುಂದಿನ ಹೂವಿನ ಅಂಗಡಿಯಲ್ಲಿ ಕೂರಲು ಜನ ಬೇಕಾಗಿ ಅವಳು ಶಾಲೆ ಬಿಟ್ಟಾಗ, ಬಿಟ್ಟದ್ದು ಅಮ್ಮನಿಗಾಗಿ ಎಂದು ಎಲ್ಲರೂ ಹೇಳಿದರು. ಅವಳು ಅಲ್ಲ ಎನ್ನಲಿಲ್ಲ.

"ಪುಟ್ಟಿ! ಪುಟ್ಟಿ ಎಲ್ಲಿ? ಬಾಮ್ಮ ಇಲ್ಲಿ." ಮೇಡಂ ಮೈಕು ಹಿಡಿದಿದ್ದರು. ಅತಿಥಿ ಬಂದಾಗಿತ್ತು, ಕಪ್ಪು ಕನ್ನಡಕದವರು, ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ವೇದಿಕೆ ಹತ್ತುವಾಗ ಬಿಗಿ ಶೂ ಎಡವಿಸಿತು. "ನಮ್ಮ ಪುಟ್ಟಿ. ಓದಿರೋದು ಎಂಟನೇ ಕ್ಲಾಸು. ಆದ್ರೆ ಎಂಥಾ ದೊಡ್ಡ ಮನಸ್ಸು ನೋಡಿ. ತಿರುಗು ಪುಟ್ಟಿ, ಬೆನ್ನು ತೋರ್ಸು ಎಲ್ಲಾರ್ಗೂ." ಅವಳು ತಿರುಗಿದಳು. ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಹಾಗಾಯಿತು, ಗೋಡೆಯಿರಲಿಲ್ಲ, ಬಟ್ಟೆಯ ಪರದೆಯಿತ್ತು. ಹಿಂದಿನಿಂದ ಅಯ್ಯೋ ಎಂಬಂಥ ಒಂದು ಮೆತ್ತನೆಯ ಸದ್ದು ಎದ್ದಿತು. "ನಮ್ಮಮ್ಮನಿಗೋಸ್ಕರ ನಡೀತಿದೀನಿ ಅಂತ ಬರ್ದಿದೆ. ಅವ್ರಮ್ಮಂಗೂ ಶುಗರ್. ಬಂದಿದಾರಾ ಪುಟ್ಟಿ? ಎಲ್ಲಿದಾರೆ?" ಬೇಡ ಎನ್ನಬೇಕೆಂದುಕೊಂಡಳು. ಅಮ್ಮನಿಗೆ ಶುಗರ್ ಇರುವುದು ಗುಡಿ ಮುಂದಿನ ಬೀದಿಯಲ್ಲಿ ಯಾರಿಗೂ ತಿಳಿಯಬಾರದೆಂದು ಅಮ್ಮ ಎಷ್ಟು ವರ್ಷ ಬೆಲ್ಲದ ಕಾಫಿಯನ್ನು ಎಲ್ಲರೆದುರಿಗೇ ಕುಡಿದಿದ್ದಳು. ಆದರೆ ಅಮ್ಮನೇ ಎದ್ದು ಬರುತ್ತಿದ್ದಳು. ಜನ ದಾರಿ ಬಿಟ್ಟರು. ಮಡಿಕೆ ಮುರಿಯದ ಹಸಿರು ಸೀರೆ, ಒದ್ದೆ ತಲೆ, ಹಣೆಗೆ ಕುಂಕುಮದ ಮೇಲೆ ವಿಭೂತಿ, ಸೊಂಟದಲ್ಲಿ ಸಿಕ್ಕಿಸಿದ ಸೆರಗಿನ ಗಂಟು. ಅಂಜಮ್ಮ ವೇದಿಕೆ ಹತ್ತಿ ಎಲ್ಲರಿಗೂ ಕೈಮುಗಿದು, ಮೈಕು ಬಾಯಿಗೆ ಬಂದಾಗ ಒಂದಿಷ್ಟೂ ಹೆದರದೆ, "ಮಗೂ ಒಬ್ಳೇ ಯಾಕ್ ನಡೀಬೇಕು? ಕಾಯಿಲೆ ನಂದು. ನಾನೂ ಬರ್ತೀನಿ" ಎಂದಳು. ಚಪ್ಪಾಳೆ ಬಿತ್ತು. ಶಿಳ್ಳೆಯೂ ಬಿತ್ತು. ಆಗ ಪುಟ್ಟಲಕ್ಷ್ಮಿ, ಎಲ್ಲರ ಮುಖ ತಪ್ಪಿಸಲು ಯಾವಾಗಲೂ ಮಾಡುವ ಹಾಗೆ ಕಣ್ಣು ಕೆಳಗೆ ಮಾಡಿದವಳು, ಅಮ್ಮನ ಕಾಲು ಕಂಡಳು. ಅರಿಶಿನ ಹಚ್ಚಿದ್ದ ಬರಿಗಾಲು.

"ಅಮ್ಮ, ಚಪ್ಪಲಿ?"

"ಹರಕೆಗೆ ಯಾರಾದ್ರೂ ಚಪ್ಪಲಿ ಮೆಟ್ಕೊಂಡ್ ಹೋಗ್ತಾರೇನೇ?" ಅಂಜಮ್ಮ ಪಿಸುಗುಟ್ಟಿದಳು. "ನಿಂಗೂ ಹೇಳೋಣಾಂತಿದ್ದೆ. ಮೇಡಮ್ಮೋರು ಕೊಟ್ಟಿರೋದು, ಬೇಜಾರ್ ಮಾಡ್ಕೋತಾರೆ ಅಂತ ಬಿಟ್ಟೆ."

ಹರಕೆ ಎಂದು ಹೇಳಿದ್ದು ಪುಟ್ಟಲಕ್ಷ್ಮಿಯೇ. ಹದಿನೈದು ದಿನದ ಹಿಂದೆ, ಸಂಜೆ, ಗುಡಿಯ ಮುಂದೆ, ಅಮ್ಮ ಕನಕಾಂಬರ ಕಟ್ಟುತ್ತಾ ಕೂತಿದ್ದಾಗ. ಚಾಲೆಂಜು ಎಂದಿದ್ದಳು ಮೊದಲು. ಮೇಡಂ ಹೇಳಿದ್ದ ಮಾತು ಅದು. ಚಾಲೆಂಜಾ, ಯಾರ್ ಮೇಲೆ ಚಾಲೆಂಜು, ಜಗಳ ಗಿಗಳ ಆಯ್ತಾ ಆ ಮನೇಲಿ ಎಂದು ಅಮ್ಮ ಹೆದರಿದ್ದಳು. ಜಗಳ ಅಲ್ಲಮ್ಮ, ನಡೀಬೇಕು, ಕೆಂಗೇರಿಗಂಟ. ಯಾಕೆ, ಬಸ್ಸಿಲ್ವಾ, ಮೆಟ್ರೋ ಇಲ್ವಾ? ಶುಗರ್ ಹೋಗ್ಲಿ ಅಂತ. ನೀನ್ ನಡದ್ರೆ ಯಾರ್ದೇ ಹೋಗತ್ತೆ? ಎಲ್ಲಾರ್ದೂ, ಜನ ಅದಕ್ಕೆ ಕಾಸು ಕೊಡ್ತಾರೆ. ಅಮ್ಮನ ಮುಖ ಗಂಟಾಗಿತ್ತು. ಬೀದೀಲಿ ಹೆಣ್ಮಗು ನಡದು ತೋರ್ಸೋದು, ಜನ ಕಾಸು ಹಾಕೋದು, ಇದೇನ್ ದೊಂಬರಾಟವೇನೇ? ಸಂಶೋಧನೆ ಎನ್ನಲು ಬಾಯಿ ತೆರೆದಿದ್ದಳು ಪುಟ್ಟಲಕ್ಷ್ಮಿ. ಶಂ ಎಂದಲ್ಲಿಗೇ ನಿಂತಿತು. ಆಗ ಬಾಯಿಗೆ ಬಂದದ್ದು ಅದು. "ಒಂಥರಾ ಹರಕೆ ಇದ್ದಂಗೆ ಕಣಮ್ಮ." ಅಮ್ಮನ ಕೈ ದಾರದ ಮೇಲೆಯೇ ನಿಂತಿತ್ತು. ಮುಖ ಬಿಡಿಸಿಕೊಂಡಿತ್ತು, ನೀರು ಚಿಮುಕಿಸಿದ ಹೂವಿನ ಹಾಗೆ. "ಹಂಗನ್ನು ಮತ್ತೆ. ಹರಕೆ ಅನ್ನೋದ್ ಬಿಟ್ಟು ಅದೇನೋ ಚಾಲೆಂಜು ಗೀಲೆಂಜು." ಇಪ್ಪತ್ತು ವರ್ಷದಿಂದ ಆ ಗುಡಿಯ ಮುಂದೆ ಹೂ ಮಾರುತ್ತಾ, ಹೂ ಕೊಂಡವರ ಚಪ್ಪಲಿ ಕಾಯುತ್ತಾ ಕೂತವಳು. ದೇವರ ಕಡೆ ಮುಖ ಮಾಡಿದ ಯಾವ ಕಾಲೂ ಅವಳ ಎದುರು ಚಪ್ಪಲಿ ಮೆಟ್ಟಿ ದಾಟಿದ್ದಿಲ್ಲ. ಅಷ್ಟು ಗೊತ್ತಿದ್ದೂ ಪುಟ್ಟಲಕ್ಷ್ಮಿಗೆ ಇದು ಹೊಳೆಯಲಿಲ್ಲ. ಮಾತು ಮುಗಿಯಿತಲ್ಲ ಎಂದು ಹಗುರಾಗಿ, ಅಮ್ಮನ ಪಕ್ಕ ಕೂತು ಉಳಿದ ಹೂವಿಗೆ ದಾರ ಹಿಡಿದಿದ್ದಳು. ಅಮ್ಮ ಬರುತ್ತಾಳೆ, ಬಾವುಟ ತೋರಿಸುವುದನ್ನು ನೋಡಿ, ಬಸ್ಸು ಹತ್ತಿ ಅಂಗಡಿಗೆ ಹೋಗುತ್ತಾಳೆ ಎಂದೇ ಅವಳ ಲೆಕ್ಕ.

ಬಾವುಟ ಆಡಿತು. ಜನ ನೀರು ಬಿಟ್ಟಂತೆ ಗೇಟಿನಿಂದ ಹೊರಗೆ ಹರಿದರು. ಮೇಡಂ ಪಕ್ಕದಲ್ಲೇ ನಡೆಯುತ್ತಿದ್ದಾಗ ಪುಟ್ಟಲಕ್ಷ್ಮಿ, "ಮೇಡಂ, ಅಮ್ಮಂಗೆ ಚಪ್ಪಲಿ..." ಎಂದಳು.

"ಕಳ್ದೋಯ್ತಾ? ಅಯ್ಯೋ, ಈ ರಶ್ಶಲ್ಲಿ..."

"ಇಲ್ಲ ತಾಯಿ," ಅಂಜಮ್ಮ ನಡುವೆ ಬಂದಳು. "ನಾನೇ ಬಿಟ್ಟು ಬಂದೆ. ಹರಕೆ ಅಲ್ವಾ?"

ಬಸವರಾಜೇಶ್ವರಿ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಪುಟ್ಟಲಕ್ಷ್ಮಿ ಅದನ್ನು ನೋಡಿದಳು. ಮಗಳ ಸೂಜಿಯ ಡಬ್ಬಿಯನ್ನು ಫ್ರಿಜ್ಜಿನಲ್ಲಿಡುವಾಗ ತಾವೊಬ್ಬರೇ ಇರುವುದೆಂದುಕೊಂಡು ಹೀಗೆಯೇ ಎದೆ ಹಿಡಿದುಕೊಳ್ಳುವುದನ್ನೂ ನೋಡಿದ್ದಳು. "ಬರಿಗಾಲಲ್ಲಿ! ಅಂಜಮ್ಮ, ನೀವು ಗ್ರೇಟ್. ನಮಗೆಲ್ಲ ನೀವೇ ಸ್ಫೂರ್ತಿ." ಫೋನು ತೆಗೆದು ಬಗ್ಗಿ ಕಾಲನ್ನು ವಿಡಿಯೋದಲ್ಲಿ ಹಿಡಿದರು, ಆಮೇಲೆ ಮುಖವನ್ನು, ಆಮೇಲೆ ಮತ್ತೆ ಕಾಲನ್ನು. "ಮೇಡಂ, ಡಾಕ್ಟ್ರು ಹೇಳಿದ್ರು..." ಎಂದು ಪುಟ್ಟಲಕ್ಷ್ಮಿ ತೊಡಗುವಷ್ಟರಲ್ಲಿ ಅವರು ಫೋನಿಗೆ ಮಾತಾಡುತ್ತಾ ಮುಂದೆ ಹೋಗಿದ್ದರು.

ಡಾಕ್ಟರು ಹೇಳಿದ್ದು ಏನು? ಅದನ್ನು ಬಾಯಿ ಬಿಟ್ಟು ಯಾರಿಗಾದರೂ ಹೇಳಬೇಕಾದರೆ ಮೊದಲು ಆ ಮಧ್ಯಾಹ್ನವನ್ನು ಹೇಳಬೇಕಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಬೆಂಚು, ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಅವಳ ಕೈಯಲ್ಲಿ ಪೆನ್ನಿನಂಥದರ ತುದಿಗೆ ಸಿಕ್ಕಿಸಿದ ನೈಲಾನ್ ಎಳೆ. ಕಣ್ಮುಚ್ಕೊಳಿ ಅಮ್ಮ, ಮುಟ್ಟಿದ ಕೂಡ್ಲೆ ಹೂಂ ಅನ್ನಿ. ಅಮ್ಮ ಕಣ್ಣುಮುಚ್ಚಿದ್ದಳು. ಎಳೆ ಹೆಬ್ಬೆರಳ ಬುಡಕ್ಕೆ ತಾಗಿ ಬಾಗಿತು, ಹೂಂ. ಹಿಮ್ಮಡಿಗೆ ತಾಗಿತು, ಹೂಂ. ಕಥೆ ಕೇಳುವವರು ಹೂಂಗುಟ್ಟುವ ಹಾಗೆ ಒಂದೇ ಸಮ ಹೂಂಗುಟ್ಟುತ್ತಿದ್ದಳು. ಡಾಕ್ಟರಮ್ಮ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ಹೂಂ ಎಂದಳು ಅಮ್ಮ. ಮತ್ತೆ, ಹೂಂ. ದೊಡ್ಡ ಓದು ಓದಿದ ಹುಡುಗಿ ಇಷ್ಟು ಕಷ್ಟಪಟ್ಟು ಕೇಳುತ್ತಿದ್ದಾಳೆ, ಇಲ್ಲ ಅಂದರೆ ಬೇಜಾರು ಮಾಡಿಕೊಂಡಾಳು ಎಂಬಂಥ ಮರ್ಯಾದೆ ಆ ಮುಚ್ಚಿದ ಕಣ್ಣಿನ ಮುಖದಲ್ಲಿತ್ತು. ಡಾಕ್ಟರಮ್ಮ ಪುಟ್ಟಲಕ್ಷ್ಮಿಯ ಕಡೆ ನೋಡಿದಳು. ಪುಟ್ಟಲಕ್ಷ್ಮಿ ಗೋಡೆ ನೋಡಿದಳು. ಹೊರಗೆ ಕರೆದು ಹೇಳಿದ್ದು: ಪಾದ ಸತ್ತಿದೆ, ಮುಳ್ಳು ಚುಚ್ಚಿದರೂ ತಿಳಿಯಲ್ಲ, ಮನೆ ಒಳಗೂ ಬರಿಗಾಲಲ್ಲಿ ಓಡಾಡೋಕೆ ಬಿಡಬೇಡ, ಒಂದು ಗಾಯ ಆದರೂ ಸಾಕು, ಈ ಸಲ ಬೆರಳಿಗೆ ನಿಲ್ಲಲ್ಲ. ಕಾಲು ತೆಗೀಬೇಕಾಗತ್ತೆ ಎಂದಾಗ ಅವಳ ದನಿ ತಗ್ಗಿತ್ತು. ಅಲ್ಲೇ ಶುಗರಿನವರಿಗೆಂದೇ ಮಾಡಿದ ಮೆತ್ತನೆಯ ಕಪ್ಪು ಚಪ್ಪಲಿ ಕೊಟ್ಟಿದ್ದರು. ಡಾಕ್ಟ್ರೇನಂದ್ರೇ ಎಂದು ಅಮ್ಮ ಕೇಳಿದಾಗ, ದಾರಿಯಲ್ಲಿ, ಚಪ್ಪಲಿ ಹಾಕ್ಕೋಬೇಕಂತೆ ಎಂದಷ್ಟೇ ಅವಳು ಹೇಳಿದ್ದಳು. ಸತ್ತಿದೆ ಎಂಬ ಮಾತನ್ನು ಅಮ್ಮನ ಮೈಯ ಬಗ್ಗೆ ಹೇಗೆ ಆಡುವುದು?

ಅತ್ತಿಗುಪ್ಪೆ ದಾಟಿ ಮೈಸೂರು ರಸ್ತೆಗೆ ಇಳಿಯುವ ಹೊತ್ತಿಗೆ ಬಿಸಿಲು ಬಲಿತಿತ್ತು. ಅವರು ಎಡಗಡೆ ನಡೆಯಬೇಕು. ತಲೆಯ ಮೇಲಿನ ಮೆಟ್ರೋ ದಾರಿಯ ನೆರಳು ಬಲಗಡೆಗೆ, ಬಸ್ಸು ಲಾರಿಗಳ ಮೇಲೆ ಬೀಳುತ್ತಿತ್ತು. ಹೊಸದಾಗಿ ಹಾಕಿದ ಡಾಂಬರು ಕರ್ರಗೆ ಮಿನುಗುತ್ತಿತ್ತು. ಅಮ್ಮ ಅದರ ಮೇಲೆ ಮದುವೆ ಮನೆಗೆ ಹೊರಟವಳ ಹಾಗೆ ಸರಸರನೆ ನಡೆಯುತ್ತಿದ್ದಳು. ಅಕ್ಕಪಕ್ಕದವರನ್ನು ಮಾತಾಡಿಸುತ್ತಿದ್ದಳು. ನಿಮಗೂ ಐತಾ? ನಮ್ಮೆಜಮಾನ್ರಿಗೂ ಇತ್ತು. ಬಿಡಿ, ಇವತ್ತಿಗೆ ಎಲ್ಲಾರ್ದೂ ಕಳೀತು. ಜನ ನಗುತ್ತಿದ್ದರು, ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು. ಪುಟ್ಟಲಕ್ಷ್ಮಿ ಎರಡು ಹೆಜ್ಜೆ ಹಿಂದೆ ಉಳಿದು ಆ ಹಿಮ್ಮಡಿಗಳನ್ನೇ ನೋಡುತ್ತಿದ್ದಳು. ಎದ್ದು, ಇಳಿದು, ಎದ್ದು. ಅರಿಶಿನ ಮಾಸಿ ಕಪ್ಪಾಗಿತ್ತು. ಅದರಾಚೆ ಏನೂ ಕಾಣುತ್ತಿರಲಿಲ್ಲ, ಕಾಣಬೇಕಾದದ್ದು ಕೆಳಗಿತ್ತು.

ದೀಪಾಂಜಲಿನಗರದ ಬಳಿ ಅವಳು ನಿಂತು ಶೂ ಬಿಚ್ಚಿದಳು. "ಅಮ್ಮ, ಇದನ್ನ ಹಾಕ್ಕೋ. ಹಿಂದುಗಡೆ ತುಳ್ಕೊಂಡಾದ್ರೂ ಹಾಕ್ಕೋ."

"ನಿಂಗೇನ್ ಬಂದಿದ್ಯೇ? ಅವ್ರಿವ್ರ ಜೋಡು ಹಾಕ್ಕೊಂಡು ಹರಕೆ ತೀರ್ಸಕ್ ಹೋಗ್ಲಾ?"

"ಸುಡ್ತಿದೆಯಮ್ಮ ನೆಲ."

"ಎಲ್ಲಿ ಸುಡ್ತಿದೆ?" ಅಂಜಮ್ಮ ನಿಂತಲ್ಲೇ ಪಾದ ಒತ್ತಿ ನೋಡಿದಳು, ಹಾಸಿಗೆ ಮೆತ್ತಗಿದೆಯೇ ಎಂದು ನೋಡುವವರ ಹಾಗೆ. "ತಣ್ಣಗೈತಲ್ಲೇ."

ಪುಟ್ಟಲಕ್ಷ್ಮಿ ಶೂಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಡಾಂಬರಿಗೆ ಕಾಲಿಟ್ಟಳು. ಮೊದಲ ಹೆಜ್ಜೆಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅಂಗಾಲು ತಾನಾಗಿ ಮೇಲೆ ಹಾರಿತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿದಾಗ ಬೆರಳು ಬಿಡುವ ಹಾಗೆ, ಅವಳನ್ನು ಕೇಳದೆಯೇ. ಹಲ್ಲು ಕಚ್ಚಿ ಇನ್ನಷ್ಟು ನಡೆದಳು. ಅಮ್ಮನ ಪಾದದಲ್ಲಿ ಆಗಬೇಕಾದದ್ದೆಲ್ಲ ತನ್ನ ಪಾದದಲ್ಲಿ ಆಗುತ್ತಿದೆ, ತಾನು ಅಮ್ಮನ ಬದಲು ನೋಯುತ್ತಿದ್ದೇನೆ ಎನ್ನಿಸಿ ಒಂದು ಗಳಿಗೆ ವಿಚಿತ್ರವಾದ ಸಮಾಧಾನವಾಯಿತು. ನೋಯುವುದಕ್ಕೆ ಒಂದು ಕಾಲಾದರೂ ಇದೆಯಲ್ಲ. ಆದರೆ ತಾನು ನೊಂದರೆ ಅಮ್ಮನ ಚರ್ಮ ಉಳಿಯುವುದಿಲ್ಲ ಎಂಬುದು ಅದರ ಬೆನ್ನಿಗೇ ಹೊಳೆಯಿತು. ರಸ್ತೆಯಂಚಿಗೆ ಬಳಿದಿದ್ದ ಬಿಳಿ ಪಟ್ಟೆಯ ಮೇಲೆ ಕಾಲು ಬಿದ್ದಾಗ ಅಲ್ಲಿ ಸ್ವಲ್ಪ ತಡೆಯುವಂತಿತ್ತು. "ಅಮ್ಮ, ಈ ಗೆರೆ ಮೇಲೇ ನಡಿ, ಇದ್ರ ಮೇಲೇ." ಅಮ್ಮ ತಿರುಗಿ ನೋಡಿ ಅವಳ ಬರಿಗಾಲು ಕಂಡು ಮುಖ ಅರಳಿಸಿದಳು. "ಹಂಗ್ ಬಾ ದಾರಿಗೆ!" ಎಂದು ಕೈ ಹಿಡಿದುಕೊಂಡಳು. ತಾಯಿ ಮಗಳು ಬಿಳಿ ಗೆರೆಯ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ಗೆರೆ ಬಹಳ ದೂರ ಬರಲಿಲ್ಲ. ಮೊದಲು ಮಣ್ಣು ಕವಿಯಿತು, ಆಮೇಲೆ ನಿಂತ ಆಟೋಗಳ ಕೆಳಗೆ ಹೋಯಿತು, ಆಮೇಲೆ ಇರಲೇ ಇಲ್ಲ. ನಾಯಂಡಹಳ್ಳಿ ಸೇತುವೆಯ ಬಳಿ ಪುಟ್ಟಲಕ್ಷ್ಮಿಗೆ ಕಣ್ಣಲ್ಲಿ ನೀರು ಬಂತು. ಕೂತು ಶೂ ಹಾಕಿಕೊಂಡಳು. ದಾರವನ್ನು ಕೈ ತಾನೇ ಬಿಗಿದು ಕಟ್ಟಿತು. ತನಗಾಗಿ ಎಷ್ಟು ಬೇಗ ಕೂತೆ, ಎಷ್ಟು ಬೇಗ ಕಟ್ಟಿಕೊಂಡೆ ಎಂದು ಅದೇ ಕೈಯನ್ನು ನೋಡಿಕೊಂಡಳು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದಳು.

"ಭಕ್ತಿ ಸಾಲ್ದು ನಿಂಗೆ."

ಮೇಡಂ ಜೊತೆ ಮುಂದೆ ಹೋಗಿರುವ ರಮ್ಯಶ್ರೀಗೆ ಹೇಳಬೇಕು. ಅವಳಿಗೆ ಅರ್ಥವಾಗುತ್ತದೆ. ಪ್ರತಿ ರಾತ್ರಿ ಕನ್ನಡಿ ನೆಲಕ್ಕಿಟ್ಟು ತನ್ನ ಅಂಗಾಲು ತಾನೇ ನೋಡಿಕೊಳ್ಳುವವಳು, ಅಂಥವಳು ಒಂದು ಮಾತು ಗದರಿದರೆ ಅಮ್ಮ ಕೇಳಿಯಾಳು, ಮೇಡಂ ಕಾರು ತರಿಸಿಯಾರು. ಪುಟ್ಟಲಕ್ಷ್ಮಿ ಅಮ್ಮನನ್ನು ಬಿಟ್ಟು ಮುಂದೆ ಓಡಿದಳು. ಹೇಳಬೇಕಾದದ್ದನ್ನು ಓಡುತ್ತಲೇ ಜೋಡಿಸಿಕೊಂಡಳು: ಅಮ್ಮನ ಪಾದಕ್ಕೆ ಸ್ಪರ್ಶ ಇಲ್ಲ, ಚಪ್ಪಲಿ ಇಲ್ಲ, ಮಾತು ಕೇಳ್ತಿಲ್ಲ. ರಾಜರಾಜೇಶ್ವರಿನಗರದ ಕಮಾನಿನ ಹತ್ತಿರ ಜನ ಗುಂಪುಗೂಡಿದ್ದರು. ನಡುವೆ ರಮ್ಯಶ್ರೀ ಫುಟ್‌ಪಾತಿನ ಮೇಲೆ ಕಾಲು ಚಾಚಿ ಕೂತಿದ್ದಳು, ಮುಖ ಬಿಳುಪೇರಿ, ತುಟಿಯ ಮೇಲೆ ಬೆವರು. ಶುಗರ್ ಇಳಿದುಹೋಗಿತ್ತು. ಮೇಡಂ ಹಣ್ಣಿನ ರಸದ ಪೊಟ್ಟಣವನ್ನು ಅವಳ ಬಾಯಿಗೆ ಹಿಡಿದು, ಕುಡಿ ಕಂದ, ಇನ್ನೊಂದು ಗುಟುಕು, ಎನ್ನುತ್ತಿದ್ದರು. ಅಂಗಿಯ ತೋಳಲ್ಲೇ ಅವಳ ಹಣೆ ಒರೆಸುತ್ತಿದ್ದರು. ಮನೆಯಲ್ಲಿ ಯಾವತ್ತೂ ಏರದ ದನಿ ಚೂರುಚೂರಾಗಿತ್ತು. ರಮ್ಯಶ್ರೀಯ ಕಣ್ಣು ಪುಟ್ಟಲಕ್ಷ್ಮಿಯ ಮೇಲೆ ಬಿತ್ತು, ನಿಂತಿತು, ಗುರುತು ಸಿಗದೆ ಸರಿಯಿತು.

"ಮೇಡಂ, ಅಮ್ಮಂಗೆ..."

"ಈಗ ಬೇಡ ಪುಟ್ಟಿ, ದಮ್ಮಯ್ಯ, ಈಗ ಬೇಡ."

ಕಾರು ಬಂತು. ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೇಡಂ ಹೋದರು. ಯಾರೋ ಪುಟ್ಟಲಕ್ಷ್ಮಿಯ ಕೈಗೆ ಒಂದು ರಸದ ಪೊಟ್ಟಣ ಕೊಟ್ಟು, ನೀನೂ ಕುಡಿಯಮ್ಮ, ಸುಸ್ತಾಗಿದೀಯ, ಎಂದರು. ಅವಳು ಕುಡಿದಳು. ಬೇಡ ಎನ್ನುವುದಕ್ಕೂ ಮಾತು ಬೇಕಿತ್ತು.

ಉಳಿದದ್ದು ಒಂದೇ ದಾರಿ, ಮೊದಲಿನಿಂದಲೂ ಇದ್ದದ್ದು. ಇದು ಹರಕೆಯಲ್ಲ ಎಂದು ಹೇಳಿಬಿಡುವುದು. ಜ್ಞಾನಭಾರತಿ ಕಳೆದು ಅಂಗಡಿಗಳು ವಿರಳವಾದ ಕಡೆ, ಹಿಂದಿನಿಂದ ಬಂದು ಸೇರಿದ್ದ ಅಮ್ಮನ ಪಕ್ಕ ನಡೆಯುತ್ತಾ, ಅವಳು ಆ ವಾಕ್ಯವನ್ನು ಹೆಜ್ಜೆಗೊಂದು ಸಲ ನಾಲಿಗೆಯ ಮೇಲೆ ಹೊರಳಿಸಿದಳು. ಇದು ಹರಕೆ ಅಲ್ಲಮ್ಮ. ನಾನು ಸುಳ್ಳು ಹೇಳಿದೆ. ಇದರಲ್ಲಿ ದೇವರಿಲ್ಲ, ನೀನು ನಡೆದರೂ ನಡೆಯದಿದ್ದರೂ ನಿನ್ನ ಕಾಯಿಲೆ ಹೋಗುವುದಿಲ್ಲ; ಯಾರೋ, ಎಂದೋ, ಏನನ್ನೋ ಕಂಡುಹಿಡಿಯಬಹುದು, ಆಗ ನಾವಿರುತ್ತೇವೋ ಇಲ್ಲವೋ. ಇದನ್ನು ಹೇಗೆ ಹೇಳುವುದು, ಹೀಗೆ ಬಿಸಿಲಲ್ಲಿ ಹೊಳೆಯುತ್ತಿರುವ ಮುಖಕ್ಕೆ? ಅಮ್ಮನನ್ನು ಇಷ್ಟು ಸಂತೋಷವಾಗಿ ಅವಳು ಎಂದು ನೋಡಿದ್ದಳು? ಗುಡಿಯ ಹೊರಗೆ ಕೂತು ಬೇರೆಯವರ ಹರಕೆಗೆಲ್ಲ ಹೂ ಕಟ್ಟಿಕೊಟ್ಟವಳು ಈಗ ತನ್ನದೇ ಒಂದು ಹರಕೆಯೊಳಗೆ ನಡೆಯುತ್ತಿದ್ದಳು, ಜನ ದಾರಿ ಬಿಡುತ್ತಿದ್ದರು. ಹೇಳಿದರೆ ಅದು ಹೋಗುತ್ತದೆ. ಹೇಳದಿದ್ದರೆ ಕಾಲು ಹೋಗುತ್ತದೆ. ಹೀಗೆ ತಕ್ಕಡಿ ಹಿಡಿದು ಎರಡು ಸ್ಟಾಪಿನಷ್ಟು ದೂರ ನಡೆದಿದ್ದೇನಲ್ಲ, ಅಷ್ಟು ದೂರವೂ ಆ ಕಾಲು ಕಾದ ನೆಲದ ಮೇಲಿತ್ತಲ್ಲ ಎಂದು ಗೊತ್ತಾದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿ, ಬಾಯಿ ತೆರೆದುಕೊಂಡಿತು.

"ಅಮ್ಮ. ಇದು ಹರಕೆ ಅಲ್ಲ."

"ಹೂಂ?"

"ಹರಕೆ ಅಲ್ಲಮ್ಮ. ನಾನೇ ಸುಳ್ಳು ಹೇಳ್ದೆ. ನಿಂಗೆ ಹೆಂಗ್ ಹೇಳ್ಬೇಕೋ ಗೊತ್ತಾಗ್ದೆ ಹಂಗಂದೆ. ಇದು ಬರೀ ನಡಿಯೋದು, ಅಷ್ಟೇ. ದೇವ್ರಿಗೂ ಇದಕ್ಕೂ ಸಂಬಂಧಾನೇ ಇಲ್ಲ. ನಿಂತ್ಕೋ. ಆಟೋ ಹತ್ತೋಣ."

ಅಂಜಮ್ಮ ನಿಲ್ಲಲಿಲ್ಲ. ಲಾರಿಯೊಂದು ಹಾದುಹೋಗಿ ಧೂಳೆದ್ದು ಇಳಿಯಿತು. ಆಮೇಲೆ ಸೆರಗಿನ ಗಂಟು ಸಡಿಲಿಸಿ ತೋರಿಸಿದಳು. ಅರಿಶಿನದ ಬಟ್ಟೆಯ ಪುಟ್ಟ ಪುಟ್ಟ ಮುಡಿಪುಗಳು, ನಾಣ್ಯ ಇಟ್ಟು ದಾರ ಸುತ್ತಿದವು, ಒಂದು ಹಿಡಿ.

"ಇದು ವರಲಕ್ಷ್ಮಿದು, ಅವ್ಳ ಗಂಡಂಗೆ. ಇದು ಹಾಲಿನ ಬೋರಮ್ಮಂದು. ಇದು ಪೂಜಾರಪ್ಪಂದು, ಅವ್ನಿಗೂ ಐತೆ, ಯಾರ್ಗೂ ಹೇಳ್ಬ್ಯಾಡ. ಎಲ್ಲಾರೂ ಹರಕೆ ಅಂತ ಕಟ್ಕೊಟ್ಟವ್ರೆ, ನಾನು ಹೂಂ ಅಂತ ಇಸ್ಕೊಂಡಿವ್ನಿ. ಹೊತ್ ಮೇಲೆ ಹರಕೇನೇ ಕಣೇ. ನೀನ್ ಸುಳ್ಳು ಹೇಳಿದ್ರೆ ನೀನ್ ಹೇಳ್ದೆ. ನಾನೇನ್ ಸುಳ್ಳು ಹೊತ್ಕೊಂಡಿಲ್ಲ." ಗಂಟು ಬಿಗಿದು ಮತ್ತೆ ಸಿಕ್ಕಿಸಿಕೊಂಡಳು. "ಅರ್ಧ ದಾರೀಲಿ ಆಟೋ ಹತ್ತಿದ್ರೆ ಅವ್ರ್ ಮುಖ ನೋಡೋದ್ ಬ್ಯಾಡ್ವಾ?"

ಪುಟ್ಟಲಕ್ಷ್ಮಿ ಅಮ್ಮನ ತೋಳು ಹಿಡಿದು ಎಳೆದಳು. ಜೀವಮಾನದಲ್ಲಿ ಅಮ್ಮನನ್ನು ಹಾಗೆ ಎಳೆದವಳಲ್ಲ. ಹಿಂದೆ ಬರುತ್ತಿದ್ದವರು ನಿಂತರು. "ಯಾಕಮ್ಮ, ಅವ್ರು ಚೆನ್ನಾಗೇ ನಡೀತಿದಾರಲ್ಲ, ಬಿಡು," ಎಂದರು ಒಬ್ಬರು. "ಮಗ್ಳಿಗಿಂತ ಅಮ್ಮಾನೇ ಗಟ್ಟಿ," ಎಂದರು ಇನ್ನೊಬ್ಬರು, ನಗೆಯಾಯಿತು. "ಅವ್ರಿಗೆ ಕಾಲು..." ಎಂದಳು ಅವಳು, ಅವರ ಮುಖ ನೋಡಿದಳು, ಎಲ್ಲರೂ ಓದಿದವರ ಮುಖಗಳು, ಕಾಯುತ್ತಿದ್ದ ಮುಖಗಳು. ಶಾಲೆಯ ಪುಸ್ತಕದಲ್ಲಿ ಆ ಪದದ ಮೇಲೆ ನಿಂತಂತೆ ಬಾಯಿ ನಿಂತಿತು. ಅಮ್ಮ ತೋಳು ಬಿಡಿಸಿಕೊಂಡು ಮುಂದೆ ಹೋಗಿದ್ದಳು. ಆ ಹೊತ್ತಿಗೇ, ಅಮ್ಮ ಎತ್ತಿದ ಬಲಗಾಲು ನೆಲ ಬಿಟ್ಟ ಕಡೆ, ಡಾಂಬರಿನ ಮೇಲೆ, ಒದ್ದೆಯ ಒಂದು ಗುರುತು ಕಂಡಿತು. ರಕ್ತವಲ್ಲ. ಬೊಬ್ಬೆ ಒಡೆದ ನೀರು. ನೋಡುತ್ತಿದ್ದಂತೆ ಆರಿತು. ಮುಂದಿನ ಹೆಜ್ಜೆಗೆ ಇನ್ನೊಂದು.

ಆಮೇಲೆ ಕೆಂಗೇರಿಯವರೆಗೂ ಅವಳು ಬೇರೇನನ್ನೂ ನೋಡಲಿಲ್ಲ. ಆ ಗುರುತುಗಳನ್ನು ತುಳಿಯದಂತೆ ಹಿಂದೆ ನಡೆದಳು, ಯಾಕೆಂದು ಗೊತ್ತಿಲ್ಲದೆ.

ಕಲ್ಯಾಣಮಂಟಪದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಗೇಟಿನಲ್ಲೇ ತಮಟೆ. ಬರಿಗಾಲಿನ ಅಮ್ಮ ಬಂದ್ರು ಎಂದು ಯಾರೋ ಕೂಗಿದರು. ಮೇಡಂ ತೆಗೆದ ವಿಡಿಯೋ ಅವರಿಗಿಂತ ಮೊದಲೇ ಬಂದು ಮುಟ್ಟಿತ್ತು. ಕೊರಳಿಗೆ ಪದಕ ಹಾಕಿದರು, ಶಾಲು ಹೊದಿಸಿದರು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಕೈಗೆ ಎಳನೀರು ಕೊಟ್ಟರು. ಅಂಜಮ್ಮ ಮೊದಲು ಸೆರಗಿನ ಗಂಟು ಮುಟ್ಟಿ ನೋಡಿಕೊಂಡು, ಕಣ್ಣುಮುಚ್ಚಿ ಏನನ್ನೋ ಅಂದುಕೊಂಡಳು. ಪುಟ್ಟಲಕ್ಷ್ಮಿ ಮೇಜಿನ ಮೇಲಿದ್ದ ನೀರಿನ ಬಾಟಲಿ ತೆಗೆದುಕೊಂಡು ಬಂದು ನೆಲಕ್ಕೆ ಕೂತಳು. ಅಮ್ಮನ ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಭಾರವಾಗಿತ್ತು, ಬಿಸಿಯಾಗಿತ್ತು. ನೀರು ಸುರಿದಳು. ಕಪ್ಪು ಇಳಿಯಿತು, ಮಣ್ಣು ಇಳಿಯಿತು, ಎಲ್ಲೋ ಉಳಿದಿದ್ದ ಚೂರು ಅರಿಶಿನವೂ ಇಳಿಯಿತು. ಅದರ ಕೆಳಗೆ ಅಂಗಾಲಿನ ಚರ್ಮ ಕಾದ ಹಾಲಿನ ಕೆನೆಯ ಹಾಗೆ ಮಡಿಸಿಕೊಂಡು ಮೇಲೆದ್ದಿತ್ತು, ಹೆಬ್ಬೆರಳ ಬುಡದಿಂದ ಹಿಮ್ಮಡಿಯವರೆಗೂ, ಅಂಚಿನಲ್ಲಿ ಕೆಂಪಗೆ. ಸುತ್ತ ಫೋನುಗಳು ಎದ್ದಿದ್ದವು. ನೋಡಿ, ಮಗಳು ತಾಯಿ ಪಾದ ತೊಳೀತಿದಾಳೆ ಎಂದು ಒಂದು ಹೆಣ್ಣುದನಿ ಗದ್ಗದವಾಗಿ ಹೇಳಿತು. ಚಪ್ಪಾಳೆ ಎಲ್ಲೋ ಒಂದು ಕಡೆ ಶುರುವಾಗಿ ಹರಡಿತು. ಅಮ್ಮನ ಕೈ ಬಂದು ಅವಳ ನೆತ್ತಿಯ ಮೇಲೆ ಕೂತಿತು, ಆಶೀರ್ವಾದದ ಭಾರದಲ್ಲಿ.

"ಇಷ್ಟು ದೂರ ನಡ್ದೆ, ಒಂಚೂರೂ ನೋವಿಲ್ಲ ನೋಡು," ಎಂದಳು ಅಂಜಮ್ಮ. ಅವಳ ದನಿ ಒದ್ದೆಯಾಗಿತ್ತು. "ತಾಯಿ ಕಣ್ ಬಿಟ್ಲು ಕಣೇ. ಹರಕೆ ಮುಟ್ತು."

ಪುಟ್ಟಲಕ್ಷ್ಮಿ ತಲೆಯೆತ್ತಿದಳು. ಎಲ್ಲರೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು, ತಾನೇ ಬೆಚ್ಚುವಷ್ಟು ಗಟ್ಟಿಯಾಗಿ. "ಅಮ್ಮ, ನಿನ್ ಕಾಲು ಸುಟ್ಟೋಗಿದೆ."

ಅಂಜಮ್ಮ ನಕ್ಕಳು. ಸುತ್ತಲಿನವರನ್ನು ನೋಡಿ, ಮಗಳ ಪರವಾಗಿ ಕ್ಷಮೆ ಕೇಳುವವಳಂತೆ ನಕ್ಕು, ಎಳನೀರು ಪಕ್ಕಕ್ಕಿಟ್ಟು, ಮಗಳ ತೊಡೆಯ ಮೇಲಿದ್ದ ಪಾದದ ಬೆರಳುಗಳನ್ನು ಆಡಿಸಿ ತೋರಿಸಿದಳು.

"ಹುಚ್ಚಿ. ನನ್ ಕಾಲು ಸುಟ್ರೆ ನಂಗ್ ಗೊತ್ತಾಗಲ್ವೇನೇ?"